ಗರ್ಭಕೋಶದ ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಯೇ?

ಗರ್ಭಕೋಶದ ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲೂ ಊರಲ್ಲೂ ಓಡಾಡುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಸಲಹೆ: ಮಕ್ಕಳಾದ ಮೇಲೆ ಗರ್ಭಕೋಶ ಯಾಕೆ, ತೆಗೆಸಿಬಿಡಿ. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಕಾಯಿಲೆ ಬಲಿಯುತ್ತದೆ. ಎರಡನೆಯದನ್ನು ನಂಬಿದರೆ ಬೇಡದ ಆಪರೇಷನ್ ಆಗಬಹುದು.

ಏನಿದು ಪರೀಕ್ಷೆ?

ಗರ್ಭಕೋಶದ ಒಳಪದರಕ್ಕೆ ಎಂಡೊಮೆಟ್ರಿಯಂ ಎಂದು ಹೆಸರು. ಪ್ರತಿ ತಿಂಗಳು ಮುಟ್ಟಿನಲ್ಲಿ ಕಳಚಿ ಹೋಗುವುದು ಇದೇ ಪದರ. ಸುಮಾರು 3 ಮಿ.ಮೀ. ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಬಿಟ್ಟು, ಅದರ ಚೂರನ್ನು ಹೀರಿ ತೆಗೆಯುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಕೆಲವೇ ನಿಮಿಷದ ಕೆಲಸ. ಇದರಿಂದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಪ್ಯಾಪ್ ಸ್ಮಿಯರ್ ಬೇರೆ, ಇದು ಬೇರೆ. ಪ್ಯಾಪ್ ಪರೀಕ್ಷೆ ನೋಡುವುದು ಗರ್ಭಕೋಶದ ಬಾಯಿಯನ್ನು. ಅದು ನಾರ್ಮಲ್ ಬಂದಿದ್ದರೂ ಒಳಪದರ ಸರಿಯಿದೆ ಎಂದಾಗುವುದಿಲ್ಲ.

ಯಾರಿಗೆ ಬೇಕಾಗಬಹುದು?

• ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡವರಿಗೆ
• 45 ದಾಟಿ, ಅತಿಯಾಗಿ ಅಥವಾ ಅಡ್ಡಾದಿಡ್ಡಿಯಾಗಿ ಮುಟ್ಟಾಗುತ್ತಿರುವವರಿಗೆ
• ಚಿಕ್ಕ ವಯಸ್ಸಾದರೂ ಅತಿತೂಕ ಅಥವಾ ಪಿಸಿಓಎಸ್ ಇದ್ದು, ರಕ್ತಸ್ರಾವ ಔಷಧಿಗೆ ಬಗ್ಗದವರಿಗೆ
• ಮಕ್ಕಳಾಗದವರಲ್ಲಿ ಗರ್ಭಕೋಶದ ಟಿಬಿ ಅನುಮಾನವಿದ್ದಾಗ

ಬಯಾಪ್ಸಿ ಎಂದ ತಕ್ಷಣ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡ 100 ಮಹಿಳೆಯರಲ್ಲಿ ಒಳಪದರದ ಕ್ಯಾನ್ಸರ್ ಸಿಗುವುದು ಸುಮಾರು 9 ಮಂದಿಯಲ್ಲಿ. ಆದರೆ ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದವರಲ್ಲಿ 100ಕ್ಕೆ ಸುಮಾರು 90 ಮಂದಿಗೆ ರಕ್ತ ಕಂಡಿರುತ್ತದೆ. ಅಂದರೆ ದೇಹ ಮೊದಲೇ ಸುಳಿವು ಕೊಡುತ್ತದೆ. ಒಂದೇ ಹನಿಯಾದರೂ ತೋರಿಸಿ.

ನೋವಾಗುತ್ತದೆಯೇ?

ಆಗುತ್ತದೆ. ಜೋರಾದ ಮುಟ್ಟಿನ ನೋವಿನಂತೆ ಹಿಂಡಿದ ಹಾಗಾಗುತ್ತದೆ. ಕೆಲವರಿಗೆ ಕಡಿಮೆ, ಕೆಲವರಿಗೆ ತಡೆಯಲಾರದಷ್ಟು. ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಯಾವ ನೋವಿನ ಮಾತ್ರೆ ತೆಗೆದುಕೊಳ್ಳಬಹುದು ಎಂದು ವೈದ್ಯರನ್ನು ಕೇಳಿ. ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನಿ. ಅರಿವಳಿಕೆ ಕೊಟ್ಟು ಮಾಡುವ ದಾರಿಯೂ ಇದೆ.

ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಬಿಳಿಮುಟ್ಟು ವಾಸನೆ ಬರುತ್ತಿದ್ದರೆ ಮೊದಲೇ ಹೇಳಿ. ಅರಿವಳಿಕೆ ಇಲ್ಲದಿದ್ದರೆ ಖಾಲಿ ಹೊಟ್ಟೆ ಬೇಕಿಲ್ಲ, ಹಗುರವಾಗಿ ತಿಂದು ಹೋಗಿ. ಕೆಲವರಿಗೆ ತಲೆ ಸುತ್ತುತ್ತದೆ. ದೊಡ್ಡಬಳ್ಳಾಪುರದಿಂದಲೋ ಹೊಸಕೋಟೆಯಿಂದಲೋ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮಗ್ಗ, ಗಾರ್ಮೆಂಟ್ಸ್ ಕೆಲಸದವರು ಸಾಮಾನ್ಯವಾಗಿ ಮರುದಿನವೇ ಕೆಲಸಕ್ಕೆ ಹೋಗಬಹುದು.

ಒಂದೆರಡು ದಿನ ಸ್ವಲ್ಪ ರಕ್ತ ಕಾಣುವುದು ಸಹಜ. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಡಬ್ಬಿ ನಿಮ್ಮ ಕೈಗೆ ಕೊಟ್ಟರೆ

ಎಷ್ಟೋ ಕಡೆ ಸ್ಯಾಂಪಲ್ಲನ್ನು ಲ್ಯಾಬಿಗೆ ಒಯ್ಯುವುದು ರೋಗಿಯ ಕಡೆಯವರೇ. ಅದರಲ್ಲಿರುವುದು ಫಾರ್ಮಲಿನ್. ಚೆಲ್ಲಬೇಡಿ, ನೀರು ಬೆರೆಸಬೇಡಿ. ಹೆಸರು ಡಬ್ಬಿಯ ಮೇಲಿದೆಯೇ ನೋಡಿ. ಮುಚ್ಚಳದ ಮೇಲೆ ಮಾತ್ರ ಬರೆದಿದ್ದರೆ ಅದಲುಬದಲಾಗಬಹುದು. ಟಿಬಿ ಕಲ್ಚರ್‌ಗೆ ಕಳಿಸುವ ಚೂರು ಮಾತ್ರ ಫಾರ್ಮಲಿನ್‌ನಲ್ಲಿ ಇರಬಾರದು, ಸಲೈನ್‌ನಲ್ಲಿರಬೇಕು.

ರಿಪೋರ್ಟ್ ಓದುವುದು ಹೇಗೆ?

ಪ್ರೊಲಿಫರೇಟಿವ್, ಸೆಕ್ರೆಟರಿ ಎಂದಿದ್ದರೆ ಅವು ಮುಟ್ಟಿನ ಚಕ್ರದ ಸಹಜ ಹಂತಗಳು. ಹೈಪರ್‌ಪ್ಲೇಸಿಯಾ ಎಂದರೆ ಪದರ ಅತಿಯಾಗಿ ಬೆಳೆದಿದೆ ಎಂದರ್ಥ. ಅಟಿಪಿಯಾ ಇಲ್ಲದಿದ್ದರೆ ಹಾರ್ಮೋನ್ ಮಾತ್ರೆಯೋ ಹಾರ್ಮೋನ್ ಇರುವ ಕಾಪರ್‌-ಟಿಯಂಥ ಸಾಧನವೋ ಬಹುಪಾಲು ಜನರಿಗೆ ಸಾಕಾಗುತ್ತದೆ. ಅಟಿಪಿಯಾ ಇದ್ದರೆ ಸಾಮಾನ್ಯವಾಗಿ ಆಪರೇಷನ್ ಸಲಹೆ ಬರುತ್ತದೆ.

ಸ್ಯಾಂಪಲ್ ಸಾಲದು ಎಂದು ಬಂದರೆ ಅದು ನಾರ್ಮಲ್ ರಿಪೋರ್ಟ್ ಅಲ್ಲ. ರಿಪೋರ್ಟ್ ಚೆನ್ನಾಗಿದ್ದು ರಕ್ತ ನಿಲ್ಲದಿದ್ದರೂ ಮತ್ತೆ ಹೋಗಿ. ಕೊಳವೆಗೆ ಸಿಗುವುದು ಪದರದ ಒಂದು ಭಾಗ ಮಾತ್ರ, ಪಾಲಿಪ್ ತಪ್ಪಿಸಿಕೊಳ್ಳಬಹುದು. ಆಗ ಹಿಸ್ಟರೊಸ್ಕೋಪಿ ಬೇಕಾಗುತ್ತದೆ.

ಪರೀಕ್ಷೆ ಬಿಟ್ಟು ಗರ್ಭಕೋಶವನ್ನೇ ತೆಗೆಸಿದರೆ?

ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿದ್ದವು. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು 3 ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಇನ್ನೊಂದು ಅಪಾಯವೂ ಇದೆ. ಒಳಗೆ ಕ್ಯಾನ್ಸರ್ ಇರುವುದು ಗೊತ್ತಿಲ್ಲದೆ ಮಾಡಿದ ಆಪರೇಷನ್ ಅರ್ಧಂಬರ್ಧವಾಗಿ, ಮತ್ತೊಂದು ಬೇಕಾಗಬಹುದು. ಹಾಗಾಗಿ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಯಬೇಕು ಎಂದರೆ ಕೇಳಿ: ಬಯಾಪ್ಸಿ ಆಗಿದೆಯೇ? ರಿಪೋರ್ಟ್ ಏನು? ಔಷಧಿಯಲ್ಲಿ ವಾಸಿಯಾಗುವುದಿಲ್ಲವೇ?

ಎಲ್ಲಿಗೆ ಹೋಗಬೇಕು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರು ಮೊದಲು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಿ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದರೆ ಅಲ್ಲಿಂದಲೇ ರೆಫರಲ್ ಚೀಟಿ ಪಡೆಯಿರಿ. ಬೆಂಗಳೂರಿನಲ್ಲಿ ಮಹಿಳೆಯರಿಗೆ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ ಇದೆ. ಕ್ಯಾನ್ಸರ್ ಖಚಿತವಾದರೆ ಕಿದ್ವಾಯಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ಬಯಾಪ್ಸಿ ಬೇಡ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡು ನಾಚಿಕೆಯಿಂದ ಸುಮ್ಮನಿರುವ ಅಮ್ಮ, ಅತ್ತೆ, ಅಕ್ಕ ಯಾರಾದರೂ ಆ ಗ್ರೂಪಿನಲ್ಲಿ ಇರಬಹುದು.