ಮೊಂತಿ ಹಬ್ಬದ ತೆನೆ ಎಲ್ಲಿಂದ ಬಂತು?

ಆಗಸ್ಟ್ 30 ಬಂತೆಂದರೆ ನಮ್ಮ ಕಡೆಯ ಮಕ್ಕಳ ಕಣ್ಣು ನೆರೆಮನೆಯ ಹೂವಿನ ಗಿಡಗಳ ಮೇಲೆ. ಕೇಳಿ ಕೊಯ್ಯುವವರಿದ್ದಾರೆ, ಕೇಳದೆ ಕೊಯ್ಯುವವರೂ ಇದ್ದಾರೆ. ಸೀತಾಂಗೋಳಿ, ಬೇಳ, ನೀರ್ಚಾಲು ಕಡೆಯ ಹಿಂದೂ ಮತ್ತು ಮುಸ್ಲಿಂ ಮನೆಗಳ ಹಿರಿಯರಿಗೂ ಇದು ಗೊತ್ತು: ಇಗರ್ಜಿಯಲ್ಲಿ ನೊವೆನಾ ಶುರುವಾಗಿದೆ, ಇನ್ನು ಒಂಬತ್ತು ದಿನ ದಾಸವಾಳ ಗಿಡದಲ್ಲಿ ನಿಲ್ಲುವುದಿಲ್ಲ. ಆ ಹೂವೆಲ್ಲ ಬಾಲೆ ಮರಿಯಮ್ಮನ ಪಾದಕ್ಕೆ. ಒಂಬತ್ತು ದಿನ ಮುಗಿದು ಸೆಪ್ಟೆಂಬರ್ 8 ಬಂದಾಗ ಮೊಂತಿ ಫೆಸ್ತ್. ಕನ್ನಡದಲ್ಲಿ ನಾವು ತೆನೆ ಹಬ್ಬ ಎನ್ನುತ್ತೇವೆ.

ಆ ದಿನ ಹೇಗೆ ಕಳೆಯುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಹೊಸ ಭತ್ತದ ತೆನೆಗಳನ್ನು ಧರ್ಮಗುರುಗಳು ಆಶೀರ್ವದಿಸುತ್ತಾರೆ, ಮೆರವಣಿಗೆ, ಮಕ್ಕಳ ಕೊನೆಯ ಹೂವು, ದಿವ್ಯ ಬಲಿಪೂಜೆ, ಆಮೇಲೆ ಕಬ್ಬಿಗಾಗಿ ನೂಕುನುಗ್ಗಲು. ಮನೆಗೊಂದಿಷ್ಟು ತೆನೆ. ಆದರೆ ಹಬ್ಬದ ತಿರುಳು ಇರುವುದು ಮನೆಯಲ್ಲಿ. ತೆನೆಯನ್ನು ಆಲ್ತಾರಿನ ಮುಂದಿಟ್ಟು ಪ್ರಾರ್ಥಿಸಿ, ಭತ್ತದ ಕಾಳು ಬಿಡಿಸಿ, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಅದೇ 'ನವೆಂ', ಅಂದರೆ ಹೊಸತು. ಮನೆಯ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಕೊಟ್ಟ ಮೇಲೆಯೇ ಬಾಳೆಎಲೆಯ ಊಟ. ಮೀನಿಲ್ಲ, ಮಾಂಸವಿಲ್ಲ. ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಸೌತೆ, ಅಂಬಟೆ. ಐದೋ ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸ ಸಂಖ್ಯೆಯ ಪಲ್ಯ-ಸಾರು ಆಗಬೇಕು. ವರ್ಷವಿಡೀ ಹರಿವೆ ಸೊಪ್ಪಿಗೆ ಮೂಗು ಮುರಿಯುವವರೂ ಅಂದು ಸುಮ್ಮನೆ ತಿನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಮರಿಯಮ್ಮನ ಹುಟ್ಟುಹಬ್ಬಕ್ಕೂ ಭತ್ತದ ತೆನೆಗೂ ಏನು ಸಂಬಂಧ? ಲೋಕದ ಎಲ್ಲ ಕಥೋಲಿಕರೂ ಸೆಪ್ಟೆಂಬರ್ 8ರಂದು ಮರಿಯಮ್ಮನ ಜನನವನ್ನು ಸ್ಮರಿಸುತ್ತಾರೆ. ಆದರೆ ರೋಮಿನಲ್ಲಿ ಯಾರೂ ಆ ದಿನ ತೆನೆ ಹಿಡಿದು ಮನೆಗೆ ಹೋಗುವುದಿಲ್ಲ.

ಉತ್ತರದ ಮೊದಲ ಭಾಗ ಗೋವಾದಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ಇಂದಿಗೂ 'ಕೊಣ್ಸಾಚೆಂ ಫೆಸ್ತ್', ಎಂದರೆ ತೆನೆಯ ಹಬ್ಬ ನಡೆಯುತ್ತದೆ. ರಾಯ್ ಎಂಬ ಹಳ್ಳಿಯಲ್ಲಿ ಆಗಸ್ಟ್ 5ರಂದು, ತಾಳಗಾಂವ್‌ನಲ್ಲಿ ಆಗಸ್ಟ್ 21ರಂದು. ಒಂದೊಂದು ಹಳ್ಳಿಗೆ ಒಂದೊಂದು ದಿನ. ಕ್ರೈಸ್ತರಾಗುವುದಕ್ಕೆ ಮೊದಲೇ ಹೊಸ ಫಸಲನ್ನು ದೇವರಿಗೆ ಒಪ್ಪಿಸಿ ಉಣ್ಣುತ್ತಿದ್ದ ಜನ, ಕ್ರೈಸ್ತರಾದ ಮೇಲೂ ಅದನ್ನು ಬಿಡಲಿಲ್ಲ. ಬಿಡಬೇಕಾದ ಕಾರಣವೂ ಇರಲಿಲ್ಲವೆನ್ನಿ. ಮೊದಲ ಸಿವುಡನ್ನು ದೇವರ ಮುಂದೆ ತರಬೇಕೆಂಬ ಮಾತು ಯಾಜಕಕಾಂಡದ 23ನೇ ಅಧ್ಯಾಯದಲ್ಲೇ ಇದೆ. 16ನೇ ಶತಮಾನದಿಂದ ಆಚೆಗೆ ಗೋವಾದಿಂದ ದಕ್ಷಿಣಕ್ಕೆ ಇಳಿದು ಬಂದ ನಮ್ಮ ಪೂರ್ವಜರಲ್ಲಿ ಬೇಸಾಯಗಾರರು ಬಹಳ. ಅವರು ಕೊಂಕಣಿ ಭಾಷೆಯೊಂದಿಗೆ ಈ ವಾಡಿಕೆಯನ್ನೂ ತಂದರು. ಬಂದು ನೋಡಿದರೆ ತುಳುನಾಡಿನಲ್ಲೂ ಅದೇ: ಮನೆಗೆ 'ಕುರಲ್' ತಂದು ಕಟ್ಟುವುದು, ಹೊಸ ಅಕ್ಕಿಯ ಊಟ. ಇಲ್ಲಿನ ಏಣೆಲು ಬೆಳೆ ತೆನೆ ಬಿಡುವುದೂ ಸುಮಾರು ಇದೇ ಹೊತ್ತಿಗೆ.

ಎರಡನೆಯ ಭಾಗ ಫರಂಗಿಪೇಟೆಯಲ್ಲಿದೆ. ನೇತ್ರಾವತಿ ದಡದ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಗುರು ಫಾದರ್ ಜೋಕಿಂ ಮಿರಾಂದಾ ಈ ಹಬ್ಬವನ್ನು ಶುರುಮಾಡಿದರೆಂದು ಪರಂಪರೆ ಹೇಳುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ 'ಮೊಂತೆ' ಎಂದರೆ ಗುಡ್ಡ. ಗುಡ್ಡದ ಮರಿಯಮ್ಮನ ಹಬ್ಬವೇ ಮೊಂತಿ ಹಬ್ಬ. ಹಳ್ಳಿಗೊಂದು ದಿನವಿದ್ದ ತೆನೆಯ ಹಬ್ಬ ಇಲ್ಲಿ ಎಲ್ಲರಿಗೂ ಒಂದೇ ದಿನವಾಯಿತು. ಸಣ್ಣ ಬದಲಾವಣೆಯಂತೆ ಕಾಣುತ್ತದೆ, ಆದರೆ ಚದುರಿದ ಹೊಲಗಳಲ್ಲಿ ಬಾಳುತ್ತಿದ್ದ ಜನರನ್ನು ಒಂದು ಸಮುದಾಯವಾಗಿ ಹೆಣೆದದ್ದು ಇದೇ ಎಂದು ನನಗನಿಸುತ್ತದೆ.

ಇಪ್ಪತ್ತೊಂದು ವರ್ಷವಾಗುವಷ್ಟರಲ್ಲಿ ಆ ಹೆಣಿಗೆಯ ಪರೀಕ್ಷೆ ಬಂತು. 1784ರ ಫೆಬ್ರವರಿ, ವಿಭೂತಿ ಬುಧವಾರದ ಹೊತ್ತು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎನ್ನುವುದರಲ್ಲಿ ಜಗಳವಿಲ್ಲ. ಇಗರ್ಜಿಗಳು ನೆಲಸಮವಾದವು. ಹೈದರಾಲಿಯೊಂದಿಗೆ ಫಾದರ್ ಮಿರಾಂದಾ ಅವರಿಗಿದ್ದ ಸ್ನೇಹದಿಂದ ಮೊಂತೆ ಮರಿಯಾನೊ ಉಳಿಯಿತೆಂದು ಹೇಳುತ್ತಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ, ಸೆರೆಯಾದವರಿಗೆ ತಮ್ಮ ಗದ್ದೆ ಇರಲಿಲ್ಲ. ಉಳಿದು ಮರಳಿದವರು ಬಹುಮಟ್ಟಿಗೆ ಬರಿಗೈಯಲ್ಲಿ ಬಂದರು. ಗದ್ದೆ ಬೇರೆಯವರ ಕೈಸೇರಿತ್ತು, ಇಗರ್ಜಿ ಇರಲಿಲ್ಲ. ಆದರೂ ಹಬ್ಬ ಮತ್ತೆ ಶುರುವಾಯಿತು. ಅಂದರೆ, ಸ್ವಂತ ತೆನೆ ಇಲ್ಲದೆ ತೆನೆ ಹಬ್ಬ ಮಾಡಿದ ಮೊದಲಿಗರು ನಾವಲ್ಲ.

ಬೇಳದ ಶೋಕಮಾತೆಯ ದೇವಾಲಯ ಎದ್ದದ್ದು 1890ರಲ್ಲಿ, ಆ ಬಿಡುಗಡೆಯಾಗಿ ತೊಂಬತ್ತೊಂದು ವರ್ಷಗಳ ಮೇಲೆ. ಗೋಥಿಕ್ ಶೈಲಿಯ ಆ ಕಟ್ಟಡವನ್ನು ನೋಡಲು ಈಗ ಪ್ರವಾಸಿಗರೂ ಬರುತ್ತಾರೆ. ಮೊಂತಿ ಹಬ್ಬ ಕಳೆದು ಸರಿಯಾಗಿ ಒಂದು ವಾರಕ್ಕೆ, ಸೆಪ್ಟೆಂಬರ್ 15ಕ್ಕೆ, ಧರ್ಮಸಭೆಯ ಪಂಚಾಂಗದಲ್ಲಿ ಶೋಕಮಾತೆಯ ಸ್ಮರಣೆ. ಮಗುವಾಗಿ ಹೂವು ಪಡೆದವಳೇ ವಾರದೊಳಗೆ ಶಿಲುಬೆಯ ಕೆಳಗೆ ನಿಂತಿರುತ್ತಾಳೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಹಾಗಾಗಿ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಮಾತಾಡುವ ನಾವು ಕೆಲವು ವರ್ಷ ಓಣಂ ರಜೆಯ ನಡುವೆಯೇ ಮೊಂತಿ ಆಚರಿಸುತ್ತೇವೆ. 2022ರಲ್ಲಂತೂ ತಿರುವೋಣವೂ ಸೆಪ್ಟೆಂಬರ್ 8ರಂದೇ ಬಂದಿತ್ತು. ಅಂದು ಅಲ್ಲೂ ಬಾಳೆಎಲೆ, ಇಲ್ಲೂ ಬಾಳೆಎಲೆ.

ಇಂಥದ್ದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಮೆಕ್ಸಿಕೊ ದೇಶದ ಓಹಾಕಾ ನಗರದಲ್ಲಿ ಪ್ರತಿ ಜುಲೈಯಲ್ಲಿ 'ಗೆಲಗೆಟ್ಸಾ' ಎಂಬ ದೊಡ್ಡ ಹಬ್ಬ. ಅದಕ್ಕೆ 'ಗುಡ್ಡದ ಸೋಮವಾರ' ಎಂಬ ಹೆಸರೂ ಇದೆ, ಏಕೆಂದರೆ ಕಾರ್ಮೆಲ್ ಮಾತೆಯ ಹಬ್ಬವಾದ ಜುಲೈ 16ರ ನಂತರದ ಎರಡು ಸೋಮವಾರ ಜನ ಗುಡ್ಡ ಹತ್ತುತ್ತಾರೆ. ಅದರ ಬೇರು ಅಲ್ಲಿನ ಮೂಲನಿವಾಸಿಗಳು ಮುಸುಕಿನ ಜೋಳದ ದೇವರಿಗೆ ನಡೆಸುತ್ತಿದ್ದ ಹಬ್ಬದಲ್ಲಿದೆ ಎನ್ನುತ್ತಾರೆ. ಅಲ್ಲಿಯೂ ಗುಡ್ಡ, ಮರಿಯಮ್ಮ, ಫಸಲು! 'ಗೆಲಗೆಟ್ಸಾ' ಎಂದರೆ ಅಲ್ಲಿನ ಜಪೊಟೆಕ್ ಭಾಷೆಯಲ್ಲಿ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು. ಕುಣಿದಾದ ಮೇಲೆ ತಮ್ಮ ಊರಿನ ಹಣ್ಣು-ತಿಂಡಿಗಳನ್ನು ನೆರೆದವರ ಕಡೆಗೆ ಎಸೆದು ಹಂಚುತ್ತಾರೆ. ನಮ್ಮ ಕಬ್ಬಿನ ನೂಕುನುಗ್ಗಲು ನೆನಪಾಗದಿರದು. ಅಂದಹಾಗೆ, ನೊವೆನಾಕ್ಕೆ ನೀವು ಒಯ್ಯುವ ಗೊಂಡೆ ಹೂವೂ ಸಾರಿಗೆ ಹಾಕುವ ಮೆಣಸೂ ಆ ಕಡೆಯಿಂದಲೇ ಸಮುದ್ರ ದಾಟಿ ಬಂದವು.

ಈಗ ಶೀರ್ಷಿಕೆಯ ಪ್ರಶ್ನೆಯ ಇನ್ನೊಂದು ಅರ್ಥಕ್ಕೆ ಬರೋಣ. ಕಳೆದ ಹಬ್ಬಕ್ಕೆ ನಿಮ್ಮ ಮನೆಗೆ ಬಂದ ತೆನೆ ಯಾರ ಗದ್ದೆಯದು? ನಮ್ಮ ಸುತ್ತ ಗದ್ದೆಗಳು ಅಡಿಕೆ ತೋಟವಾದವು. ಕೂಲಿಯ ಖರ್ಚು, ಕಾಡುಹಂದಿಯ ಕಾಟ, ಅಡಿಕೆಯ ಧಾರಣೆ ನೋಡಿದರೆ ರೈತರನ್ನು ದೂರಲಾಗದು. ಉಳಿದ ಕಡೆ ರಬ್ಬರ್, ಮನೆ, ಕೆಂಪುಕಲ್ಲಿನ ಕೋರೆ. ಸೀತಾಂಗೋಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ, ಎಚ್‌ಎಎಲ್ ಘಟಕವಿದೆ. ಗದ್ದೆ ತುಂಬಿಸದಂತೆ ಕೇರಳದಲ್ಲಿ 2008ರ ಕಾಯ್ದೆ ಇದೆ ನಿಜ, ಆದರೆ ಕಾಯ್ದೆ ಉಳುವುದಿಲ್ಲ, ನಾಟಿ ಮಾಡುವುದಿಲ್ಲ. ಹಬ್ಬದ ಮುಂಚಿನ ದಿನ ಫೋನು ಹಚ್ಚಿ, "ಎಲ್ಲಾದರೂ ತೆನೆ ಉಂಟಾ?" ಎಂದು ವಿಚಾರಿಸುವುದು ಅನೇಕ ಊರುಗಳ ಕಥೆ. ಹಡಿಲು ಬಿದ್ದ ಒಂದು ತುಂಡು ಗದ್ದೆ ಕೇಳಿ ಪಡೆದು ಮಳೆಗಾಲದಲ್ಲಿ ನಾಟಿ ಮಾಡುವ ಯುವಕ ಸಂಘಗಳು ಈ ಕರಾವಳಿಯಲ್ಲಿವೆ. ಜೂನಿನಲ್ಲಿ ಬಿತ್ತಿದರೆ ಸೆಪ್ಟೆಂಬರಿಗೆ ತೆನೆ, ಲೆಕ್ಕ ಅಷ್ಟೇ. ನಮ್ಮ ವಾಳೆಗಳಲ್ಲಿ ಹಡಿಲು ಗದ್ದೆ ಯಾರದ್ದಿದೆ ಎಂದು ಗುರ್ಕಾರರಿಗೆ ಗೊತ್ತಿರುತ್ತದೆ. ಕೇಳಿ ನೋಡಬಹುದು.

ತೆನೆ ಎಲ್ಲಿಂದಲಾದರೂ ಬರಲಿ, ಅದು ಹೋಗುವ ದೂರ ಮಾತ್ರ ಹೆಚ್ಚುತ್ತಲೇ ಇದೆ. ಮುಂಬೈಗೆ, ಕುವೈತಿಗೆ, ದುಬೈಗೆ ಹೋದ ಮಕ್ಕಳಿಗಾಗಿ ತಾಯಂದಿರು ನಾಲ್ಕು ಕಾಳು ಭತ್ತವನ್ನು ಕಾಗದದಲ್ಲಿ ಮಡಚಿ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದರು; ಈಗಲೂ ಊರಿಂದ ಹೋಗುವವರ ಕೈಯಲ್ಲಿ ಕೊಡುತ್ತಾರೆ. ಅಲ್ಲಿ ಅದನ್ನು ಸಿಪ್ಪೆ ಸುಲಿದು ಹಾಲಿಗೆ ಹಾಕಿ, ಕೋಣೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟೂ ಜನ ಒಂದೊಂದು ಚಮಚ ಹಂಚಿಕೊಳ್ಳುತ್ತಾರೆ.