ಕೊಲಾಬಾದಲ್ಲಿ ಹುಟ್ಟಿದ ಸುಹೈಲಿ

ಮುಂಬಯಿಯಲ್ಲಿ ಹಡಗು ಕಟ್ಟುತ್ತಿದ್ದರು ಅಂದ ಕೂಡಲೇ ಎಲ್ಲರೂ ವಾಡಿಯಾ ಮನೆತನದ ಕಥೆ ತೆಗೆಯುತ್ತಾರೆ. ತಪ್ಪೇನಿಲ್ಲ. 1736ರಲ್ಲಿ ಸೂರತ್‌ನಿಂದ ಬಂದ ಲವ್‌ಜಿ ವಾಡಿಯಾ ಇಲ್ಲಿ ಶುರುಮಾಡಿದ ಕೆಲಸ ಐದಾರು ತಲೆಮಾರು ನಡೆಯಿತು. ಮಲಬಾರ್ ಮತ್ತು ನಮ್ಮ ಕೆನರಾ ಕಾಡುಗಳ ತೇಗ ಸಮುದ್ರದ ಮೇಲೆ ತೇಲಿ ಬಂದು ಇಲ್ಲಿ ಹಡಗಾಗುತ್ತಿತ್ತು. 1817ರಲ್ಲಿ ಇಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ ಅಂದರೆ ಆ ಮರದ ಗಟ್ಟಿತನ ಲೆಕ್ಕ ಹಾಕಿ.

ಆದರೆ ನಾನು ಇವತ್ತು ಹೇಳಹೊರಟಿದ್ದು ಅಷ್ಟು ದೊಡ್ಡ ಹಡಗಿನ ವಿಷಯ ಅಲ್ಲ. ಬರೀ 32 ಅಡಿ ಉದ್ದದ, ಎರಡು ಕೂವೆಮರದ ಒಂದು ಹಾಯಿದೋಣಿಯದು. ನಮ್ಮ ಲೋಕಲ್ ಟ್ರೇನಿನ ಒಂದು ಡಬ್ಬಿಯ ಅರ್ಧದಷ್ಟೂ ಇಲ್ಲ. ಕೊಲಾಬಾದಲ್ಲಿ ಹುಟ್ಟಿದ ಈ ದೋಣಿ, ಒಬ್ಬನೇ ಮನುಷ್ಯನನ್ನು ಕೂರಿಸಿಕೊಂಡು ಎಲ್ಲೂ ನಿಲ್ಲದೆ ಭೂಮಿಗೆ ಒಂದು ಸುತ್ತು ಹಾಕಿದ ಮೊದಲ ದೋಣಿ. ಮೂವತ್ತು ನಲವತ್ತು ವರ್ಷದಿಂದ ಮುಂಬಯಿಯಲ್ಲಿರುವ ನಮ್ಮವರನ್ನು ಕೇಳಿ ನೋಡಿ, ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ರಾಬಿನ್ ನಾಕ್ಸ್-ಜಾನ್‌ಸ್ಟನ್ 1939ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯಲ್ಲಿ ಹಡಗಿನ ಅಧಿಕಾರಿ. ಮುಂಬಯಿಯಿಂದ ಗಲ್ಫಿಗೆ ಹೋಗುತ್ತಿದ್ದ ಹಡಗುಗಳು ಈ ಕಂಪನಿಯವೇ. ಅವುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರವರೆಗೂ ಓಡಾಡಿತು. ವಿಮಾನ ಅಗ್ಗವಾಗುವ ಮೊದಲು ಕೆಲಸ ಹುಡುಕಿ ಗಲ್ಫಿಗೆ ಹೋದವರನ್ನು ಕೇಳಿದರೆ ಆ ಡೆಕ್ಕಿನ ಪ್ರಯಾಣದ ಕಥೆ ಸಿಕ್ಕೀತು. ಹೀಗೆ ಮುಂಬಯಿಗೆ ಬಂದು ಹೋಗುತ್ತಿದ್ದ ರಾಬಿನ್‌ಗೆ ಸ್ವಂತ ದೋಣಿ ಕಟ್ಟಿಸಿ ಅದರಲ್ಲೇ ಊರಿಗೆ ಹೋಗಬೇಕೆಂಬ ಹುಚ್ಚು ಹತ್ತಿತು. ಜೊತೆಗೆ ಒಂದಿಬ್ಬರು ಸೇರಿದರು.

ದೋಣಿಯ ನಕ್ಷೆ ಹೊಸದಲ್ಲ. ಅಮೆರಿಕದ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ ಬರೆದ 'ಎರಿಕ್' ಎಂಬ ನಕ್ಷೆ. ಅದರ ಮೂಲ, ನಾರ್ವೆಯ ಕಾಲಿನ್ ಆರ್ಚರ್ ರೂಪಿಸಿದ, ಬಿರುಗಾಳಿಯಲ್ಲಿ ಮೀನುಗಾರರನ್ನು ಕಾಪಾಡಲು ಹೋಗುತ್ತಿದ್ದ ದೋಣಿ. ಹಿಂದೆ ಮುಂದೆ ಎರಡೂ ಕಡೆ ಚೂಪು, ಹೊಟ್ಟೆ ದಪ್ಪ. ಆಗಿನ ಕಾಲಕ್ಕೇ ಹಳೇ ಫ್ಯಾಶನ್. ಕೆಲಸ ಮಾಡಿದವರು ಇಲ್ಲಿಯ ಬಡಗಿಗಳು. ಉಪಕರಣ ಬಾಚಿ, ಸುತ್ತಿಗೆ, ಹಗ್ಗ ಕಟ್ಟಿ ಎಳೆಯುವ ಬಿಲ್ಲು ಬೈರಿಗೆ. ಅಡಿಮರದಿಂದ ಡೆಕ್ಕಿನವರೆಗೆ ತೇಗ. 1964ರ ಕೊನೆಗೆ ದೋಣಿ ನೀರಿಗಿಳಿಯಿತು. ಹೆಸರು ಸುಹೈಲಿ. ಗಲ್ಫಿನ ಅರಬ್ ನಾವಿಕರು ಆಗ್ನೇಯದ ಗಾಳಿಗೆ ಇಟ್ಟ ಹೆಸರದು. ಸುಹೈಲ್ ಅಂದರೆ ನಾವು ಅಗಸ್ತ್ಯ ಅನ್ನುವ ನಕ್ಷತ್ರ.

1965ರ ಕೊನೆಗೆ ರಾಬಿನ್, ಅವನ ತಮ್ಮ ಮತ್ತು ಒಬ್ಬ ಗೆಳೆಯ ಮುಂಬಯಿ ಬಿಟ್ಟರು. ದಕ್ಷಿಣ ಆಫ್ರಿಕಾ ಮುಟ್ಟುವಾಗ ಕೈ ಖಾಲಿ. ಅಲ್ಲೇ ಕೆಲಸ ಮಾಡಿ ದುಡ್ಡು ಕೂಡಿಸಿ, ಕೇಪ್‌ಟೌನ್‌ನಿಂದ ಎಲ್ಲೂ ನಿಲ್ಲದೆ ಇಂಗ್ಲೆಂಡ್ ಸೇರಿದರು. ಆಮೇಲೆ ರಾಬಿನ್‌ಗೆ ಒಂಟಿಯಾಗಿ ಭೂಮಿ ಸುತ್ತುವ ಆಸೆ. ಅದಕ್ಕೆ ಉಕ್ಕಿನ ದೊಡ್ಡ ದೋಣಿ ಬೇಕೆಂದು ಸುಹೈಲಿಯನ್ನು ಮಾರಲು ಹೊರಟ. ಕೊಳ್ಳುವವರು ಸಿಗಲಿಲ್ಲ! ಹೊಸ ದೋಣಿಗೆ ದುಡ್ಡು ಕೊಡುವವರೂ ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಇದ್ದುದರಲ್ಲೇ ಹೊರಟ.

1968ರಲ್ಲಿ ಸಂಡೆ ಟೈಮ್ಸ್ ಪತ್ರಿಕೆ ಏರ್ಪಡಿಸಿದ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಹೊರಟವರು ಒಂಬತ್ತು ಜನ. ಸುಹೈಲಿ ಜೂನ್ 14ರಂದು ಫಾಲ್ಮತ್ ಬಿಟ್ಟಿತು. ಕೆಲವೇ ವಾರದಲ್ಲಿ ನೀರು ಸೋರತೊಡಗಿತು. ಅಡಿಮರದ ಹತ್ತಿರ, ನೀರಿನ ಮಟ್ಟಕ್ಕಿಂತ ಐದಡಿ ಕೆಳಗೆ ಹಲಗೆಯ ಸಂದಿ ಬಿಟ್ಟಿತ್ತು. ನಡುಸಮುದ್ರದಲ್ಲಿ ಯಾರನ್ನು ಕರೆಯುವುದು? ಬಿಳಿ ಮೈ ಕಂಡು ಶಾರ್ಕ್ ಬಂದೀತೆಂದು ಗಾಢ ಬಣ್ಣದ ಅಂಗಿ, ಜೀನ್ಸ್ ತೊಟ್ಟು ನೀರಿಗೆ ಧುಮುಕಿದ. ಸಂದಿಗೆ ಹತ್ತಿ ತುರುಕಿದರೆ ಅದು ನಿಲ್ಲಲೇ ಇಲ್ಲ. ಮೇಲೆ ಬಂದು ಕ್ಯಾನ್ವಾಸ್ ಪಟ್ಟಿಯ ಮೇಲೆ ಹತ್ತಿ ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳನ್ನು ಮೊದಲೇ ಚುಚ್ಚಿಟ್ಟುಕೊಂಡು ಮತ್ತೆ ಇಳಿದು ಹೊಡೆದ. ಅದರ ಮೇಲೆ ತಾಮ್ರದ ತಗಡು. ನಡುವೆ ನಿಜವಾಗಿಯೂ ಒಂದು ಶಾರ್ಕ್ ಬಂದು ಸುತ್ತು ಹಾಕಿತು, ಅದನ್ನು ಗುಂಡಿಟ್ಟು ಕೊಂದ. ಕಾರು ಕೆಟ್ಟರೆ ಬಾನೆಟ್ ತೆಗೆದು ಸುಮ್ಮನೆ ನೋಡುವ ನನ್ನಂಥವನಿಗೆ ಇದು ನಂಬಲಾಗದ ವಿಷಯ. ಸ್ವಂತ ದೋಣಿ ಅಂದರೆ ಹೀಗೆ, ಪ್ರತಿ ಹಲಗೆಯ ಪರಿಚಯ ಇರಬೇಕು.

ದಕ್ಷಿಣದ ಸಾಗರದಲ್ಲಿ ಒಂದೊಂದೇ ಕೈಕೊಟ್ಟಿತು. ಕುಡಿಯುವ ನೀರಿನ ಟ್ಯಾಂಕ್ ಕೆಟ್ಟು ಮಳೆನೀರು ಹಿಡಿಯಬೇಕಾಯಿತು. ರೇಡಿಯೋ ಸತ್ತಿತು. ದೋಣಿ ತಾನಾಗಿ ದಿಕ್ಕು ಹಿಡಿಯಲೆಂದು ಇಟ್ಟ ಸಾಧನ ಆಸ್ಟ್ರೇಲಿಯಾದ ಹತ್ತಿರ ಮುರಿದೇ ಹೋಯಿತು. ಆ ಹಳೇ ಫ್ಯಾಶನ್ನಿನ ಮೈಕಟ್ಟು ಕೆಲಸಕ್ಕೆ ಬಂದದ್ದು ಇಲ್ಲಿ ನೋಡಿ: ಹಾಯಿಗಳನ್ನು ಸರಿದೂಗಿಸಿ ಬಿಟ್ಟರೆ ಸುಹೈಲಿ ತನ್ನ ಪಾಡಿಗೆ ತಾನು ನೇರ ಹೋಗುತ್ತಿತ್ತು. ನ್ಯೂಜಿಲೆಂಡ್ ದಾಟಿದ ಮೇಲೆ ನಾಲ್ಕೂವರೆ ತಿಂಗಳು ಸುದ್ದಿಯೇ ಇಲ್ಲ. 1969ರ ಏಪ್ರಿಲ್ 22ರಂದು, 312 ದಿನದ ಮೇಲೆ, ಫಾಲ್ಮತ್‌ಗೆ ಮರಳಿತು. ಸರಾಸರಿ ವೇಗ ಗಂಟೆಗೆ ನಾಲ್ಕು ನಾಟಿಕಲ್ ಮೈಲಿ, ಚರ್ಚ್‌ಗೇಟಿನಲ್ಲಿ ಟ್ರೇನ್ ಹಿಡಿಯಲು ನಾವು ದಾಪುಗಾಲು ಹಾಕುವಷ್ಟು. ಒಂಬತ್ತರಲ್ಲಿ ಮುಗಿಸಿದ್ದು ಇದೊಂದೇ. ಅದೇ ಪಂದ್ಯದಲ್ಲಿ ಪ್ರಾಣ ಕಳೆದುಕೊಂಡ ಡೊನಾಲ್ಡ್ ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ರಾಬಿನ್ ತನ್ನ 5,000 ಪೌಂಡ್ ಬಹುಮಾನ ಕೊಟ್ಟುಬಿಟ್ಟ.

ಮರಳಿ ಬಂದ ದಿನದ ಫೋಟೋದಲ್ಲಿ ಬಿಳಿ ಮೈಮೇಲೆ ಉದ್ದುದ್ದ ತುಕ್ಕಿನ ಕಲೆ ಕಾಣುತ್ತದೆ. ಹಲಗೆ ಹಿಡಿದ ಕಬ್ಬಿಣ ಆಗಲೇ ಅಳತೊಡಗಿತ್ತು.

ಇಂಥ ದೋಣಿಗೆ ಎಲ್ಲಿ ಜಾಗ? ಮ್ಯೂಸಿಯಂ ಅಂತ ನೀವೂ ಹೇಳುತ್ತೀರಿ. 1990ರ ದಶಕದ ಕೊನೆಗೆ ಸುಹೈಲಿಯನ್ನು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಮ್ಯೂಸಿಯಂನಲ್ಲಿ ಇಟ್ಟರು. ಬಿಸಿಲಿಲ್ಲ, ಮಳೆಯಿಲ್ಲ, ಹದವಾದ ಒಣ ಗಾಳಿ. ಚಿತ್ರಪಟಕ್ಕೆ, ಕಾಗದಕ್ಕೆ ಒಳ್ಳೆಯದೇ. ಆದರೆ ಮರದ ದೋಣಿ ನೀರು ಕುಡಿದು ಉಬ್ಬಿದರೇ ಅದರ ಸಂದಿ ಮುಚ್ಚುವುದು. ಬಾವಿಕಟ್ಟೆಯ ಮರದ ಕೊಳಗವನ್ನು ಅಟ್ಟದ ಮೇಲಿಟ್ಟರೆ ಏನಾಗುತ್ತದೆ? ಹಾಗೇ ಆಯಿತು. ಹಲಗೆ ಸೊರಗಿ ಸಂದಿ ಬಾಯಿಬಿಟ್ಟವು. 312 ದಿನ ಸಮುದ್ರ ತಡೆದದ್ದು ಬೆಚ್ಚಗಿನ ಕೋಣೆಯಲ್ಲಿ ಹಾಳಾಗತೊಡಗಿತು. 2002ರಲ್ಲಿ ರಾಬಿನ್ ಅದನ್ನು ಹೊರಗೆ ತಂದ.

ಆಮೇಲೆ ದೊಡ್ಡ ರಿಪೇರಿ. ತೇಗಕ್ಕೆ ಏನೂ ಆಗಿರಲಿಲ್ಲ, ಕಬ್ಬಿಣದ ಬೋಲ್ಟುಗಳೇ ತಿಂದುಹೋಗಿದ್ದವು. ಮರ ಸೀಳದಂತೆ ಒಂದೊಂದನ್ನೇ ಬಿಡಿಸಿ, ತುಕ್ಕು ಹಿಡಿಯದ ಲೋಹದ್ದು ಹಾಕಬೇಕು. ಅಷ್ಟರಲ್ಲಿ 'ಸರ್' ಆಗಿದ್ದ, ಎಪ್ಪತ್ತು ದಾಟಿದ್ದ ರಾಬಿನ್ ಈ ಕೆಲಸಕ್ಕೆ ತಾನೇ ಕೈಹಾಕಿದ. 2016ರಲ್ಲಿ ಸುಹೈಲಿ ಮತ್ತೆ ನೀರಿಗಿಳಿಯಿತು. ಅಷ್ಟು ಬೋಲ್ಟು ಬಿಚ್ಚುವಾಗ ಬಾಚಿಯ ಏಟಿನ ಗುರುತು ಎಷ್ಟು ಸಲ ಕೈಗೆ ತಾಗಿರಬೇಕು! ರಾಬಿನ್ ಹೆಸರು ಪುಸ್ತಕಗಳಲ್ಲಿದೆ. ಆ ಹಲಗೆ ಕೂರಿಸಿದ ಬಡಗಿಗಳ ಹೆಸರು ನಮ್ಮ ಊರಲ್ಲೇ ಯಾರ ಬಾಯಲ್ಲೂ ಇಲ್ಲ ಅನ್ನುವುದು ನನಗೆ ಚುಚ್ಚುತ್ತದೆ.

ಅಂದ ಹಾಗೆ, 2018ರಲ್ಲಿ ಹಳೇ ಪಂದ್ಯದ ಐವತ್ತನೇ ವರ್ಷಕ್ಕೆ ಅದನ್ನು ಮತ್ತೆ ನಡೆಸಿದರು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಹೋದದ್ದು 'ತುರೀಯಾ'ದಲ್ಲಿ. ಸುಹೈಲಿಯದೇ ಪ್ರತಿರೂಪ, ಗೋವಾದಲ್ಲಿ ರತ್ನಾಕರ ದಾಂಡೇಕರ್ ಕಟ್ಟಿಕೊಟ್ಟದ್ದು. ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಕೂವೆಮರ ಮುರಿದು, ಟಾಮಿಯ ಬೆನ್ನಿಗೆ ಭಾರಿ ಪೆಟ್ಟಾಯಿತು. ಫ್ರೆಂಚ್ ಹಡಗೊಂದು ಬಂದು ಎತ್ತಿಕೊಂಡಿತು. ತುರೀಯಾವನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಅದೇ ವರ್ಷ ಜೂನ್ 14ರಂದು ಫಾಲ್ಮತ್‌ನಲ್ಲಿ ದೋಣಿಗಳ ಮೆರವಣಿಗೆ ಇತ್ತು. ಸುಹೈಲಿ ಅಲ್ಲಿಗೆ ಸಮುದ್ರದ ಮೇಲೇ ಬಂದಿತ್ತು, ಚುಕ್ಕಾಣಿ ರಾಬಿನ್ ಕೈಯಲ್ಲಿತ್ತು.