ಹಸಿದ ಕೂಸಿಗೆ ಒಮ್ಮೆಲೇ ಯಾಕೆ ಉಣಿಸುವುದಿಲ್ಲ? ಧಾತು ಬರದಿಂದ ಐಸಿಯುವರೆಗೆ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯಿಂದ ಬಳ್ಳಾರಿಗೆ, ಹರಪನಹಳ್ಳಿಯಿಂದ ದಾವಣಗೆರೆಗೆ ಸೀರಿಯಸ್ ಆದ ಕೂಸುಗಳನ್ನು ಒಯ್ಯುತ್ತೇವೆ. ಚೀಟಿಯಲ್ಲಿ ನ್ಯುಮೋನಿಯಾ, ವಾಂತಿಭೇದಿ ಎಂದಿರುತ್ತದೆ. ಎಷ್ಟೋ ಸಲ ಅದರ ಕೆಳಗೆ ಅಪೌಷ್ಟಿಕತೆ ಇರುತ್ತದೆ. ಐಸಿಯುನಲ್ಲಿ ಎರಡು ತಾಸಿಗೊಮ್ಮೆ ಅಳೆದು ಸ್ವಲ್ಪವೇ ಹಾಲು ಕೊಟ್ಟಾಗ, 'ಹಸಿದ ಕೂಸಿಗೆ ಇಷ್ಟೇ ಏನ್ರೀ?' ಎಂದು ತಾಯಂದಿರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರದ ಒಂದು ತುದಿ ನಮ್ಮ ಸೀಮೆಯ ಬರದಲ್ಲಿದೆ.

1876ರಲ್ಲಿ ಧಾತು ಬರ ಬಿತ್ತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆ ಕಾಲಕ್ಕೇ ತಾಲ್ಲೂಕುಗಳು. 1871ರಿಂದ 1881ರೊಳಗೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ (ಸುಮಾರು 450 ಗ್ರಾಂ), ಒಂದಾಣೆ ಸಾಕು ಎಂದ. ಹೆಂಗಸರು, ಮಕ್ಕಳಿಗೆ ಇನ್ನೂ ಕಡಿಮೆ. ಕೂತವನ ಲೆಕ್ಕ ಅದು, ಕಲ್ಲು ಹೊತ್ತವನದಲ್ಲ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅವರು ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಕೆಲವೇ ತಿಂಗಳಲ್ಲಿ ಕೂಲಿ ಹೆಚ್ಚಿಸಬೇಕಾಯಿತು.

ಆದರೆ ಗಂಜಿ ಸಿಕ್ಕಮೇಲೂ ಜನ ಭೇದಿಯಾಗಿ ಸಾಯುತ್ತಿದ್ದರು. ಮದ್ರಾಸಿನ ಪರಿಹಾರ ಶಿಬಿರದಲ್ಲಿ ಶವಪರೀಕ್ಷೆ ಮಾಡಿದ ಡಾ. ಅಲೆಕ್ಸಾಂಡರ್ ಪೋರ್ಟರ್ ಅವರಿಗೆ ಕಂಡಿದ್ದು ಸವೆದು ತೆಳ್ಳಗಾದ ಕರುಳು. ಇದನ್ನು ಅವರು 1889ರಲ್ಲಿ ಪುಸ್ತಕವಾಗಿ ಬರೆದರು.

ಎರಡನೇ ಮಹಾಯುದ್ಧ ಮುಗಿದಾಗ ಮತ್ತೆ ಅದೇ. ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದವರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಅನ್ನ ಬಿದ್ದರೆ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಷಿಯಂ ಜೀವಕೋಶಗಳ ಒಳಗೆ ಸರಿದು ರಕ್ತದಲ್ಲಿ ಕುಸಿಯುತ್ತವೆ. ಹೃದಯ ಸೋಲುತ್ತದೆ.

ಈ ಪಾಠಗಳೆಲ್ಲ ಸೇರಿ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಾಯಿತು. ಮೊದಲು ಸಕ್ಕರೆ ನೀರು, ಮೈ ಬೆಚ್ಚಗಿಡುವುದು, ಸೋಂಕಿನ ಔಷಧ. ಜೊತೆಗೆ ಎಫ್-75 ಎಂಬ ಹಾಲು: 100 ಮಿ.ಲೀ.ಗೆ 75 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂಗಿಂತ ಕಡಿಮೆ. ಕೂಸಿಗೆ ತಾನಾಗಿಯೇ ಹಸಿವು ಮರಳಿದ ಮೇಲೆ ಎಫ್-100. ಕಬ್ಬಿಣದ ಔಷಧವೂ ಆಮೇಲೆಯೇ. ಹಾಗಂತ ಉಪವಾಸ ಕೆಡವುವುದೂ ತಪ್ಪು. ಐಸಿಯು ಮಕ್ಕಳಿಗೆ ಸಾಧ್ಯವಾದರೆ 24ರಿಂದ 48 ತಾಸಿನೊಳಗೆ, ಬಾಯಿಂದ ಆಗದಿದ್ದರೆ ಮೂಗಿನ ನಳಿಕೆಯಿಂದಾದರೂ ಆಹಾರ ಶುರುಮಾಡಬೇಕು ಎನ್ನುತ್ತವೆ 2017ರ ಅಮೆರಿಕದ ಮಾರ್ಗಸೂಚಿಗಳು.

ಐಸಿಯುವರೆಗೆ ಹೋಗುವ ಮುಂಚೆಯೇ ಹಿಡಿಯಲು ಅಂಗನವಾಡಿಯಲ್ಲಿ ತೋಳಿನ ಪಟ್ಟಿ ಇದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿದ್ದರೂ ಅಷ್ಟೇ. ಅದನ್ನು 'ಮೈ ತುಂಬಿಕೊಂಡಿದೆ' ಎಂದುಕೊಳ್ಳುವವರಿದ್ದಾರೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇರಬೇಕು, ತಾಯಿಗೆ ಕೂಲಿ ನಷ್ಟದ ಪರಿಹಾರವೂ ಉಂಟು. ಆದರೆ ಮನೆಯಲ್ಲಿ ಇನ್ನೆರಡು ಮಕ್ಕಳಿರುವ, ಗುಳೆಗೆ ಲಾರಿ ಗೊತ್ತಾಗಿರುವ ತಾಯಿಗೆ 14 ದಿನ ಎಂದರೆ ಸಣ್ಣ ಮಾತಲ್ಲ. ಗುಳೆ ಹೋಗಲೇಬೇಕಾದವರು ತಾಯಿ ಕಾರ್ಡ್ ಜೊತೆಗಿಟ್ಟುಕೊಳ್ಳಿ, ಹೋದ ಊರಿನ ಅಂಗನವಾಡಿಯಲ್ಲಿ ಕೂಸಿನ ತೂಕ ಹಾಕಿಸಿ.